ಅತ್ತೆಯ ಹಾಡು, ರೇಡಿಯೋದ ಹಾಡು

ವಯನಾಡು ಆಗಷ್ಟೇ ಜಿಲ್ಲೆಯಾಗಿತ್ತು. ಹೊಳೆದಡದ ಪೆರಿಕಲ್ಲೂರಿನ ನಮ್ಮಂಥ ಕನ್ನಡದವರಿಗೆ ಶಾಲೆ, ಆಫೀಸು ಎಲ್ಲ ಮಲಯಾಳದಲ್ಲಿ; ಮನೆಯ ಮಾತು, ಹಾಡು ಮಾತ್ರ ಕನ್ನಡದಲ್ಲಿ. ಆ ಹಾಡುಗಳಲ್ಲಿ ಹೆಚ್ಚಿನವು ನನ್ನ ಸೋದರತ್ತೆ ಕಟ್ಟಿದವು. ಗಂಡ ತೀರಿಹೋದ ಮೇಲೆ ತವರಿಗೆ ಬಂದಿದ್ದ ಅವಳು ಭತ್ತ ಕೇರುತ್ತಲೇ ಹಾಡು ಕಟ್ಟುತ್ತಿದ್ದಳು. ಸಾಲನ್ನು ತಗ್ಗಿನ ದನಿಯಲ್ಲಿ ಶುರುಮಾಡಿ, ಕೊನೆಯ ಪದವನ್ನು ಅರ್ಧಕ್ಕೆ ಬಿಟ್ಟು, ಉಸಿರೆಳೆದುಕೊಂಡು ಉಳಿದದ್ದನ್ನು ಮೇಲಿನ ಸ್ವರದಲ್ಲಿ ಎತ್ತಿಕೊಳ್ಳುವುದು ಅವಳ ರೀತಿ. ಮದುವೆಮನೆಗಳಲ್ಲಿ ಹೆಂಗಸರು ಅದನ್ನು ಕೇಳಲೆಂದೇ ಅವಳನ್ನು ಸುತ್ತುವರಿದು ಕೂರುತ್ತಿದ್ದರು.

ಆಮೇಲೆ ರೇಡಿಯೋದಲ್ಲಿ ಇನ್ನೊಬ್ಬನ ಹಾಡು ಬಂತು. ಹೊಳೆಯಾಚೆ ಕರ್ನಾಟಕದಲ್ಲಿ, ತಾನೇ ಬರೆದು ತಾನೇ ಹಾಡುವ ಗಾಯಕನೊಬ್ಬ ಹೆಸರು ಮಾಡುತ್ತಿದ್ದ. ಅವನೂ ಕೊನೆಯ ಪದವನ್ನು ಅತ್ತೆಯ ಹಾಗೆಯೇ ಮುರಿಯುತ್ತಿದ್ದ. ಮೊದಲ ಸಲ ಕೇಳಿದಾಗ ಅತ್ತೆ ಮೊರ ಕೆಳಗಿಟ್ಟು, "ಇವನ್ಯಾರೋ ನನ್ನ ಒಡಹುಟ್ಟಿದವನೇ ಇರ್ಬೇಕು" ಎಂದು ನಕ್ಕಿದ್ದಳು.

ಆ ಖುಷಿ ಬಹಳ ಕಾಲ ಉಳಿಯಲಿಲ್ಲ. ಒಂದು ಮದುವೆಯಲ್ಲಿ ಅವಳು ತನ್ನ ಹಳೆಯ ಹಾಡೊಂದನ್ನು ಮುಗಿಸುತ್ತಿದ್ದಂತೆ ಪಕ್ಕದ ಮನೆಯವಳು ಮಲಯಾಳ ಬೆರೆಸಿ ಕೇಳಿದಳು: "ಚೇಚಿ, ಇದು ರೇಡಿಯೋ ಪಾಟ್ಟಲ್ವಾ? ಆ ಹಾಡಿನ ಮಾತು ಮಾತ್ರ ಬದಲಾಯ್ಸಿದ್ದೀರಲ್ಲಾ?"

"ಅಲ್ಲ ಕಣೇ, ಇದು ನಮ್ಮಪ್ಪ ಇದ್ದಾಗ್ಲೇ ನಾನು ಕಟ್ಟಿದ್ದು."

ಎಲ್ಲರೂ ನಕ್ಕರು. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಆದರೂ ಅಂದಿನಿಂದ ಅತ್ತೆ ಪ್ರತಿ ಹಾಡಿಗೂ ಮುಂಚೆ "ಇದು ನನ್ನದೇ" ಎನ್ನತೊಡಗಿದಳು. ಬರುಬರುತ್ತ ಜನ ಆ ಗಾಯಕನ ಹಾಡನ್ನೇ ಹಾಡುವಂತೆ ಅವಳನ್ನು ಕೇಳತೊಡಗಿದರು. ಇವಳೂ ಹಾಡಿದಳು.

ಒಮ್ಮೆ ಅವನು ಆಚೆ ದಡದ ಬೈರಕುಪ್ಪೆಗೆ ಹಾಡಲು ಬಂದ. ನಾನೇ ಅತ್ತೆಯನ್ನು ಒತ್ತಾಯಿಸಿ ದೋಣಿ ಹತ್ತಿಸಿದೆ. ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹತ್ತಿರ ಹೋಗಿ, "ಸಾರ್, ನಮ್ಮತ್ತೆನೂ ಹಾಡು ಕಟ್ತಾರೆ, ಥೇಟ್ ನಿಮ್ಮ ಥರಾನೇ" ಎಂದೆ.

ಅವನು ವೇದಿಕೆಯ ಅಂಚಿನಲ್ಲೇ ಕೂತು, "ಹಾಡಿ ತಾಯಿ, ನೀವು ಕಟ್ಟಿದ್ದೇ ಹಾಡಿ" ಎಂದ.

ಅತ್ತೆ ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ ಹಾಡಿದಳು. ಹಾಡಿದ್ದು ಅವನ ಹಾಡನ್ನು. ಅವನಿಗೆ ನಿಜಕ್ಕೂ ಸಂತೋಷವಾಯಿತು. "ನನ್ನ ಹಾಡನ್ನ ನನಗಿಂತ ಚೆನ್ನಾಗಿ ಹಾಡ್ತೀರಿ" ಎಂದು ಕೈಮುಗಿದ.

ದೋಣಿಯಲ್ಲಿ ನಾನು ಸಿಟ್ಟಿನಿಂದಲೇ ಕೇಳಿದೆ: "ನಿನ್ನದ್ಯಾಕೆ ಹಾಡ್ಲಿಲ್ಲ?"

"ಅವ್ರೂ 'ಇದು ನನ್ನ ಹಾಡಲ್ವಾ' ಅಂತ ಕೇಳ್ಬಿಟ್ರೆ? ಊರವ್ರು ಕೇಳಿದ್ದನ್ನ ತಡ್ಕೊಂಡೆ ಮೋಳೆ, ನನ್ನ ಮಗಳೇ. ಅವ್ರ ಬಾಯಲ್ಲಿ ಆ ಮಾತು ಕೇಳೋಕೆ ಆಗಲ್ಲ ಅನ್ನಿಸ್ತು."

ಆಮೇಲೆ ಅವಳು ಹಾಡು ಕಟ್ಟಲಿಲ್ಲ. ಅವನ ಕ್ಯಾಸೆಟ್ಟುಗಳು ನಮ್ಮ ಮನೆಯಲ್ಲೂ ತುಂಬಿದವು. ಅವಳ ದನಿಯನ್ನು ಹಿಡಿದಿಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಅವಳು ಹೋಗಿ ವರ್ಷಗಳಾಗಿವೆ. ಈಗ ಒಮ್ಮೊಮ್ಮೆ ಒಬ್ಬಳೇ ಇರುವಾಗ ಅವಳದೊಂದನ್ನು ಗುನುಗಲು ಹೊರಡುತ್ತೇನೆ. ಮೊದಲ ಸಾಲು ಅವಳದೇ ಬರುತ್ತದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ನಾನು ಅವನ ಹಾಡಿನೊಳಗೆ ಇರುತ್ತೇನೆ.