ಹಗೇವಿಗೆ ಇಳಿಸಿದ ದೀಪ

ಮನೆಯಲ್ಲಿ ನಾನೇ ಕಲಿಸುತ್ತೇನೆಂದು ಮಗಳನ್ನು ಸ್ಕೂಲು ಬಿಡಿಸಿದ ದಿನ ನನ್ನ ಗಂಡ ಒಂದು ವರ್ಷದ ವಾಯಿದೆ ಕೊಟ್ಟರು. "ಬರೋ ಜೂನ್ ಹೊತ್ಗೆ ಬಾಯ್ಬಿಟ್ಟು ಮಾತಾಡಿದ್ರೆ ಸರಿ. ಇಲ್ದಿದ್ರೆ ಮತ್ತೆ ಸ್ಕೂಲ್ಗೇ," ಎಂದು ಬೂಟಿನ ದಾರ ಕಟ್ಟಿಕೊಳ್ಳುತ್ತಲೇ ಹೇಳಿ, ಜೂಜುವಾಡಿ ಕಡೆಯ ಫ್ಯಾಕ್ಟರಿಗೆ ಹೊರಟುಹೋದರು. "ಒಂದು ವರ್ಷ ಯಾಕ್ರೀ, ಆರು ತಿಂಗಳು ಸಾಕು!" ಎಂದು ನಾನು ಅವರ ಬೆನ್ನಿಗೇ ಕೂಗಿದೆ. ನನ್ನ ಬಾಯಿ ಯಾವತ್ತೂ ಹಾಗೆಯೇ, ಯೋಚನೆ ಬರುವುದಕ್ಕೆ ಮೊದಲೇ ಓಡಿಬಿಡುತ್ತದೆ.

ಆಗ ಅವಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸ್ಕೂಲಿನಲ್ಲಿ ತಮಿಳು, ಇಂಗ್ಲಿಷು. ಹೊಸೂರಿನ ಮಕ್ಕಳಿಗೆ ಇದೇನು ಹೊಸದಲ್ಲ. ಆದರೆ ಇವಳು ಅದರ ಹಿಂದಿನ ವರ್ಷ ಒಂದು ದಿನ ಕ್ಲಾಸಿನಲ್ಲಿ ಎದ್ದುನಿಂತು ತಮಿಳಿನ ಉತ್ತರದ ಮಧ್ಯೆ ಎರಡು ಮೂರು ಕನ್ನಡ ಪದ ಸೇರಿಸಿಬಿಟ್ಟಳು. ಮಕ್ಕಳೆಲ್ಲ ನಕ್ಕರು. ಗಲಾಟೆ ಅಡಗಿಸಲು ಟೀಚರು ನಕ್ಕವರನ್ನು ಬಿಟ್ಟು ಇವಳಿಗೇ ಬಾಯಿ ಮುಚ್ಚು ಎಂದರಂತೆ. ಹೇಳಿದ್ದನ್ನು ಚಾಚೂ ತಪ್ಪದೆ ಕೇಳುವ ಹುಡುಗಿ ನನ್ನ ಮಗಳು. ಮುಚ್ಚಿದಳು. ಮೊದಲು ಸ್ಕೂಲಿನಲ್ಲಿ, ಆಮೇಲೆ ಬೀದಿಯಲ್ಲಿ, ಕಡೆಗೆ ಮನೆಯಲ್ಲಿಯೂ. ಗಂಟಲಲ್ಲಿ ಏನೂ ದೋಷವಿಲ್ಲ, ಒತ್ತಾಯ ಮಾಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು.

ನಾನು ಬಿ.ಎಸ್ಸಿ. ಓದಿದವಳು. ಓದು ಒಲೆಯ ಮುಂದೆ ವ್ಯರ್ಥವಾಗುತ್ತಿದೆ ಎಂಬ ಸಿಟ್ಟು ಹತ್ತು ವರ್ಷದಿಂದ ಇತ್ತು. ಆ ಸಿಟ್ಟನ್ನೆಲ್ಲ ಮಗಳ ಪಾಠಕ್ಕೆ ಹಾಕಿದೆ. ಪುಸ್ತಕ ಮುಟ್ಟಿಸಲಿಲ್ಲ. ಪಾವು, ಸೇರು ಕೊಟ್ಟು ರಾಗಿ ಅಳೆಯುವಾಗ ಭಿನ್ನರಾಶಿ. ತಾರಸಿಯ ಮೇಲೆ ಕೋಲು ನೆಟ್ಟು ಗಂಟೆಗೊಮ್ಮೆ ನೆರಳಿನ ತುದಿಗೆ ಬಳಪದ ಗುರುತು. ತವರಿಗೆ ಹೋಗುವ ಬೇರಿಕೆ ಬಸ್ಸಿನ ಟಿಕೆಟ್ಟುಗಳನ್ನು ಕಾಗದಕ್ಕೆ ಅಂಟಿಸಿ, ಯಾವ ಊರು ಆದಮೇಲೆ ಯಾವ ಊರು ಎಂದು ನಕ್ಷೆ. ಅವಳು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದಳು, ಮಾತಿಲ್ಲದೆ. ನಾನೊಬ್ಬಳೇ ಇಡೀ ದಿನ ವಟವಟ ಅನ್ನುತ್ತಿದ್ದೆ.

ಏಳನೇ ತಿಂಗಳಲ್ಲಿ ಒಂದು ಮಧ್ಯಾಹ್ನ ತಟ್ಟೆಯಲ್ಲಿ ಮೊಂಬತ್ತಿ ನಿಲ್ಲಿಸಿ, ಸುತ್ತ ಒಂದಿಷ್ಟು ನೀರು ಹಾಕಿ, ಉರಿಯುವ ಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿದೆ. ಯಾಕೆ ಹೀಗೆ ಎಂದು ನಾನು ಮೊದಲೇ ಹೇಳಲಿಲ್ಲ, ಸದ್ಯ. ಉರಿ ಸಣ್ಣದಾಯಿತು, ಹೊಗೆಯಾಯಿತು, ಆರಿಹೋಯಿತು. ಅವಳು ಲೋಟಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿ ಹೇಳಿದಳು: "ಗಾಳಿ ಮುಗ್ದೋಯ್ತು."

ಅಯ್ಯೋ, ಕುಣಿಯಬೇಕು ಅನ್ನಿಸಿತು, ಆದರೆ ಎಲ್ಲಿ ಹೆದರುತ್ತಾಳೋ ಎಂದು "ಹೌದಾ, ಇನ್ನೊಂದ್ಸಲ ನೋಡೋಣ್ವಾ?" ಎಂದಷ್ಟೇ ಕೇಳಿದೆ. ಅವತ್ತು ಎರಡು ಮೊಂಬತ್ತಿ ಪೂರ್ತಿ ಖರ್ಚಾದವು. ಆಮೇಲೆ ದಿನಕ್ಕೊಂದು, ಎರಡು ಮಾತು ಬರತೊಡಗಿತು. ಅದೂ ನನ್ನ ಹತ್ತಿರ ಮಾತ್ರ, ಅದೂ ಪಾಠದ ವಿಷಯಕ್ಕೆ ಮಾತ್ರ. ಗಂಡ ಮನೆಗೆ ಬಂದರೆ ಮತ್ತೆ ಮೌನ.

ನನ್ನ ತವರು ಬೇರಿಕೆಯಿಂದ ಆಚೆ ಒಂದು ಸಣ್ಣ ಊರು. ಅಲ್ಲಿ ಅಣ್ಣ ಮತ್ತು ಅತ್ತಿಗೆ ಬೇಸಾಯ ಮಾಡಿಕೊಂಡಿದ್ದರು. ಅಣ್ಣನಿಗೆ ಮಕ್ಕಳಿರಲಿಲ್ಲ, ಇವಳೆಂದರೆ ಪ್ರಾಣ. ಇವಳು ಮಾತಾಡದಿದ್ದರೂ ಅವನು ಅವಳ ಪಾಲಿನ ಉತ್ತರವನ್ನೂ ತಾನೇ ಹೇಳಿಕೊಂಡು ಹರಟುತ್ತಿದ್ದ. ನಮ್ಮ ಪಾಠದ ಕಥೆ ಕೇಳಿ, "ಏನಮ್ಮೀ, ಊರೋರೆಲ್ಲ ಸ್ಲೇಟಲ್ಲಿ ಕಲ್ಸಿದ್ರೆ ನೀನು ಸೇರಲ್ಲಿ ಕಲ್ಸ್ತಿದ್ದೀಯಲ್ಲಾ!" ಎಂದು ರೇಗಿಸಿದ. "ಸೇರು ಆಯ್ತು, ಇನ್ಮೇಲೆ ಹಗೇವು," ಎಂದೆ ನಾನು.

ಹಗೇವು ಅಂದರೆ ರಾಗಿ ತುಂಬಿಡುತ್ತಿದ್ದ ನೆಲದಡಿಯ ಗುಂಡಿ. ನಮ್ಮ ಹಟ್ಟಿಯ ಅಂಗಳದಲ್ಲಿ ಒಂದಿತ್ತು. ಮೇಲೆ ಒಬ್ಬ ಆಳು ತೂರುವಷ್ಟು ಬಾಯಿ, ಒಳಗೆ ದೊಡ್ಡ ಹೊಟ್ಟೆ. ಮುಚ್ಚಿದ ಚಪ್ಪಡಿಯನ್ನು ಎಷ್ಟೋ ವರ್ಷದಿಂದ ಯಾರೂ ತೆಗೆದಿರಲಿಲ್ಲ. ಅದರ ಆಳ ಅಳೆದು, ಎಷ್ಟು ಸೇರು ಹಿಡಿಯುತ್ತದೆಂದು ಮಗಳ ಕೈಲಿ ಲೆಕ್ಕ ಹಾಕಿಸಬೇಕು, ತಳದಲ್ಲಿ ಹಳೇ ರಾಗಿ ಉಳಿದಿದ್ದರೆ ಮೊಳಕೆ ಬರುತ್ತದೋ ಎಂದು ನೋಡಿಸಬೇಕು. ಇದು ನನ್ನ ಪ್ಲಾನು. ಅಣ್ಣನದಲ್ಲ, ನನ್ನದು.

ನಮ್ಮಪ್ಪ ಇದ್ದಾಗ ಹಗೇವು ತೆಗೆಯುವುದಕ್ಕೆ ಒಂದು ಕ್ರಮವಿತ್ತು. ಚಪ್ಪಡಿ ತೆಗೆದು ಒಂದು ದಿನ ಪೂರ್ತಿ ಹಾಗೇ ಬಿಡಬೇಕು. ಹೊಂಗೆ ಸೊಪ್ಪಿನ ಕಟ್ಟನ್ನು ಹಗ್ಗದಲ್ಲಿ ಇಳಿಬಿಟ್ಟು ಮೇಲೆ ಕೆಳಗೆ ಬೀಸಬೇಕು. ಕಡೆಗೆ ದೀಪ ಇಳಿಸಬೇಕು. ದೀಪ ತಳದವರೆಗೂ ಉರಿದರೆ ಆಳು ಇಳಿಯಬಹುದು, ಇಲ್ಲದಿದ್ದರೆ ಇಲ್ಲ. ನಾವು ಹೋದದ್ದು ಫಾಲ್ಗುಣದ ಒಂದು ಭಾನುವಾರ. ಅಣ್ಣ ನಾವು ಬಂದ ಮೇಲೆಯೇ ಹಾರೆ ಹಾಕಿ ಚಪ್ಪಡಿ ಸರಿಸಿದ. "ನಾಳೆ ಇಳಿಯಾನ ಬುಡು," ಎಂದ. "ನಾಳೆ ಎಲ್ಲಣ್ಣಾ, ನಾಲ್ಕು ಗಂಟೆ ಬಸ್ಸಿಗೆ ನಾವು ಹೋಗ್ಬೇಕು," ಎಂದೆ.

ಮಗಳು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಮೇಲೆಳೆದು, ಮೊಳ ಹಾಕಿ ಆಳ ಅಳೆದಳು. ಹನ್ನೊಂದು ಮೊಳ. ಊಟವಾದ ಮೇಲೆ ಅಣ್ಣ ಲಾಟೀನು ಹಚ್ಚಿ ಅದೇ ಹಗ್ಗದಲ್ಲಿ ಇಳಿಸಿದ. ಅರ್ಧಕ್ಕೆ ಹೋಗಿ ಆರಿತು. ಮತ್ತೆ ಹಚ್ಚಿ ಇಳಿಸಿದ. ಅದೇ ಜಾಗದಲ್ಲಿ ಆರಿತು. "ಥೂ, ಹಳೇ ಲಾಟೀನು. ಹಗ್ಗ ಕುಲುಕಿದ್ರೆ ಸಾಕು, ಆರೋಯ್ತದೆ," ಎಂದ. ಅತ್ತಿಗೆ ಒಳಗಿನಿಂದ, ಕರೆಂಟು ಹೋದಾಗ ಹಚ್ಚುವ ಚಾರ್ಜಿಂಗ್ ಲೈಟು ತಂದುಕೊಟ್ಟರು. ಲಾಟೀನು ಬಿಚ್ಚಿ ಅದನ್ನು ಕಟ್ಟಿ ಇಳಿಸಿದ. ತಳದವರೆಗೂ ಝಗಝಗ ಬೆಳಕು. ಮೂಲೆಯಲ್ಲಿ ಒಂದಿಷ್ಟು ಕಪ್ಪು ರಾಗಿ ಕೂಡ ಕಂಡಿತು.

"ನೋಡ್ದಾ, ಹೆಂಗೆ ಉರೀತದೆ!" ಎಂದ ಅಣ್ಣ. ಬಿ.ಎಸ್ಸಿ. ಓದಿದ ನಾನು, ಎರಡು ಮೊಂಬತ್ತಿ ಖರ್ಚು ಮಾಡಿ ಪಾಠ ಹೇಳಿದ ನಾನು, ಚಪ್ಪಾಳೆ ತಟ್ಟಿದೆ.

ಅಣ್ಣ ಪಂಚೆ ಎತ್ತಿಕಟ್ಟಿ ಒಂದು ಕಾಲು ಒಳಗಿಟ್ಟ. ಆಗ ಮಗಳು ನನ್ನ ಸೆರಗು ಜಗ್ಗಿದಳು. ನಾನು ತಿರುಗಲಿಲ್ಲ. ಅವಳು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು: "ಅಮ್ಮಾ, ಆ ಲೈಟಿಗೆ ಗಾಳಿ ಬೇಕಾಗಿಲ್ಲ. ಲಾಟೀನಿಗೆ ಬೇಕು. ಮಾವ ಇಳೀಬಾರ್ದು. ಇಳಿದ್ರೆ ಸತ್ತೋಗ್ತಾರೆ."

ಎರಡು ವರ್ಷದಲ್ಲಿ ಅವಳು ಅಷ್ಟು ಉದ್ದ ಮಾತಾಡಿರಲಿಲ್ಲ. ನಾಲ್ಕು ಜನರೆದುರು ಮಾತಾಡಿದ್ದಂತೂ ಇಲ್ಲವೇ ಇಲ್ಲ. ನಾನು ಅಷ್ಟು ತಿಂಗಳು ಕಾದಿದ್ದು ಅದಕ್ಕೇ. ಆದರೆ ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಕಾಲಿಟ್ಟ ಗಳಿಗೆಯಲ್ಲಿ ಸಾವಿನ ಮಾತು. ಅತ್ತಿಗೆಯ ಮುಖ ಕಪ್ಪಿಟ್ಟಿತು. "ಇದೇನವ್ವಾ, ಮೂಕಿ ಥರ ಇದ್ದ ಮಗೀಗೆ ಈಗ್ಲೇ ಬಾಯಿ ಬರ್ಬೇಕಿತ್ತಾ? ಬಿಡ್ತು ಅನ್ನು," ಎಂದರು. ತವರಿನಲ್ಲಿ ತಲೆ ತಗ್ಗಿಸುವಂತಾಯಿತಲ್ಲ ಎಂದು ನನಗೆ ನೆತ್ತಿಗೇರಿತು. ತಿರುಗಿ ಮಗಳಿಗೆ ಹೇಳಿದೆ: "ಬಾಯಿ ಮುಚ್ಚು!"

ಅವಳು ಮುಚ್ಚಿದಳು.

"ಮಗೀನ್ಯಾಕೆ ಬೈತೀಯಮ್ಮೀ," ಎಂದ ಅಣ್ಣ. ಅವಳ ಕಡೆ ನೋಡಿ, "ಪುಟ್ಟೀ, ಒಂದು ಹಿಡಿ ರಾಗಿ ತಕಂಡು ಈಗ ಬಂದ್ಬುಡ್ತೀನಿ," ಎಂದು ಗೋಡೆಯ ಕುಳಿಗಳಲ್ಲಿ ಕಾಲಿಡುತ್ತ ಇಳಿದ. ತಲೆ ಮರೆಯಾಯಿತು. "ಏನು ಸೆಕೆ ಕಣಮ್ಮೀ ಒಳಗೆ," ಎಂದದ್ದು ಕೇಳಿತು. ಆಮೇಲೆ ಧೊಪ್ಪೆಂದು ಬಿದ್ದ ಸದ್ದು. ಬಗ್ಗಿ ನೋಡಿದರೆ ತಳದಲ್ಲಿ ಬೋರಲು ಬಿದ್ದಿದ್ದ. ಪಕ್ಕದಲ್ಲಿ ಲೈಟು ಹಾಗೆಯೇ ಉರಿಯುತ್ತಿತ್ತು.

ಅತ್ತಿಗೆ ಕಿರುಚುತ್ತ ಬೀದಿಗೆ ಓಡಿದರು. ನಾನು ಏನೂ ಯೋಚಿಸದೆ ಚಪ್ಪಲಿ ಕಿತ್ತೆಸೆದು ಹಗೇವಿನ ಬಾಯಲ್ಲಿ ಕೂತು ಕಾಲು ಇಳಿಬಿಟ್ಟೆ. ಹಿಂದಿನಿಂದ ಮಗಳು ನನ್ನ ಸೊಂಟವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. ಬಿಡಿಸಿಕೊಳ್ಳಲು ಹೊಡೆದೆ, ಪರಚಿದೆ. ಅವಳು ಹಿಮ್ಮಡಿ ನೆಲಕ್ಕೆ ಊರಿ ಹಿಂದಕ್ಕೆ ಎಳೆಯುತ್ತಲೇ ಇದ್ದಳು. ಬೇಡ ಅನ್ನಲಿಲ್ಲ, ಅಮ್ಮಾ ಅನ್ನಲಿಲ್ಲ, ಅಳಲೂ ಇಲ್ಲ. ತುಟಿ ಬಿಗಿದುಕೊಂಡಿತ್ತು. ಜನ ಓಡಿಬರುವವರೆಗೂ ಅವಳು ನನ್ನನ್ನು ಬಿಡಲಿಲ್ಲ. ಇವತ್ತು ನಾನು ಇದನ್ನು ಬರೆಯಲು ಉಳಿದಿರುವುದು ಹಾಗೆ.

ಅಣ್ಣನನ್ನು ಹಗ್ಗ, ಕೊಕ್ಕೆ ಹಾಕಿ ಮೇಲೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ಮುಷ್ಟಿಯಲ್ಲಿ ರಾಗಿ ಇರಲಿಲ್ಲ. ಅಲ್ಲಿಯವರೆಗೂ ಅವನು ಹೋಗಿರಲೇ ಇಲ್ಲ. ಹನ್ನೊಂದನೇ ದಿನ ಕಳೆದ ಮೇಲೆ ಊರವರು ಹಗೇವಿಗೆ ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ತುಂಬಿದರು.

ಅತ್ತಿಗೆ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ: "ಆ ಮಗು ಅಪಶಕುನ ನುಡೀತು, ಹಂಗಾಯ್ತು." ಅಲ್ಲ ಅತ್ತಿಗೆ, ಅದು ಶಕುನವಲ್ಲ, ಪಾಠ, ನಾನೇ ಕಲಿಸಿದ ಪಾಠ, ಅವಳು ಕಲಿತಿದ್ದಳು, ನಾನು ಕಲಿತಿರಲಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿಲ್ಲ. ಎಲ್ಲದಕ್ಕೂ ಮುಂದೆ ಓಡುವ ಈ ಬಾಯಿ ಅಲ್ಲಿ ಮಾತ್ರ ಕಟ್ಟಿಹೋಗುತ್ತದೆ.

ಮಗಳಿಗೆ ಮಾತ್ರ ಹೇಳಿದೆ. ಕೂರಿಸಿಕೊಂಡು, "ನೀನು ಹೇಳಿದ್ದೇ ಸರಿ ಕಣೇ, ತಪ್ಪು ನಂದು," ಎಂದೆ. ಗೊತ್ತು ಎಂಬಂತೆ ತಲೆಯಾಡಿಸಿದಳು. ಮೊಂಬತ್ತಿ, ತಟ್ಟೆ, ಲೋಟ ತಂದಿಟ್ಟೆ. ಎದ್ದುಹೋದಳು. ಜೂನ್ ಬಂತು. ಗಂಡ ವಾಯಿದೆಯ ಮಾತು ಎತ್ತಲಿಲ್ಲ. ನಾನೇ ಅವಳನ್ನು ಅದೇ ಸ್ಕೂಲಿಗೆ ಕರೆದುಕೊಂಡು ಹೋಗಿ ಸೇರಿಸಿದೆ.

ಮೊನ್ನೆ ಪೇರೆಂಟ್ಸ್ ಮೀಟಿಂಗಿಗೆ ಹೋಗಿದ್ದೆ. ಈ ಸಲದ ಟೀಚರು ಬೇರೆ, ಚಿಕ್ಕ ವಯಸ್ಸಿನ ಹೆಂಗಸು, ಹಿಂದಿನದೇನೂ ಗೊತ್ತಿಲ್ಲದವರು. ತಮಿಳಿನಲ್ಲಿ ಬಾಯಿತುಂಬ ಹೊಗಳಿದರು. ಎಷ್ಟು ಒಳ್ಳೇ ಹುಡುಗಿ, ಸದ್ದಿಲ್ಲ, ಗಲಾಟೆಯಿಲ್ಲ, ಹೇಳಿದ ಮಾತು ಮೀರುವುದಿಲ್ಲ, ಮನೆಯಲ್ಲಿ ಯಾರು ಇಷ್ಟು ಚೆನ್ನಾಗಿ ಕಲಿಸಿದ್ದು ಎಂದು ಕೇಳಿದರು. ಮಗಳು ಪಕ್ಕದಲ್ಲಿ ತುಟಿ ಮುಚ್ಚಿಕೊಂಡು ನಿಂತಿದ್ದಳು. ಕೈ ಎತ್ತಿ, ಬೆರಳಿನಿಂದ ನನ್ನನ್ನು ತೋರಿಸಿದಳು.