ತಾಯತದ ದಾರದ ಮೂರು ಗಂಟು

“ಈ ಗಂಟು ಯಾವಾಗಿನದಮ್ಮಾ?” ಹುಡುಗಿಯ ಕುತ್ತಿಗೆಯ ಊತ ಮುಟ್ಟಿ ಡಾಕ್ಟರು ಕೇಳಿದರು. ಹನ್ನೆರಡು ವರ್ಷದ ಮಗಳನ್ನು ಹರವೆಯಿಂದ ಚಾಮರಾಜನಗರದ ಆಸ್ಪತ್ರೆಗೆ ಕರೆತಂದಿದ್ದ ತಾಯಿ, ಕೇಳಿದ್ದು ಕೊರಳಿನ ತಾಯತದ ದಾರದ ಗಂಟಿನ ಬಗ್ಗೆ ಎಂದುಕೊಂಡಳು.

“ಮೊದಲ್ನೇದು ಸಂಕ್ರಾಂತೀಲಿ ಹಾಕ್ದೆ ಬುದ್ಧಿ. ದಾರ ಬಿಗಿಯಾಗಿತ್ತು. ಮಗ ಬೆಳೀತಾವ್ಳೆ ಅನ್ಕಂಡು ಇನ್ನೊಂದು ತುಂಡು ಸೇರಿಸ್ದೆ. ಸಿವರಾತ್ರೀಲೊಂದು, ಯುಗಾದೀಲೊಂದು ಹಾಕ್ದೆ.”

ಅದು ಐವತ್ತರ ದಶಕ. ಅಲ್ಲಿ ಹೊಸ ನರ್ಸಾಗಿದ್ದ ನಾನು ನಗಲು ಹೊರಟವಳು, ಡಾಕ್ಟರ ಮುಖ ನೋಡಿ ಸುಮ್ಮನಾದೆ. ಆಕೆ ತಪ್ಪು ತಿಳಿದು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು; ದಾರ ಬಿಗಿಯಾಗುತ್ತ ಬಂದದ್ದು ಊತ ಬೆಳೆದದ್ದಕ್ಕೆ. ಡಾಕ್ಟರು ಮೂರು ಹಬ್ಬಗಳನ್ನೂ ಚೀಟಿಯಲ್ಲಿ ಬರೆದುಕೊಂಡರು.

ಗಂಟಿನ ಚೂರನ್ನು ಮೈಸೂರಿಗೆ ಕಳಿಸಿದೆವು. ದುಗ್ಧರಸ ಗ್ರಂಥಿಯ, ಅಂದರೆ ಲಿಂಫ್ ಗ್ರಂಥಿಯ ಕ್ಯಾನ್ಸರ್ ಎಂದು ವರದಿ ಬಂತು. ಬೆಂಗಳೂರಿನಲ್ಲಿ ಎಕ್ಸ್‌ರೇ ಚಿಕಿತ್ಸೆ ಕೊಡಿಸಿದ ಮೇಲೆ ಊತ ಇಳಿಯಿತು. ಅದು ಮತ್ತೆ ಬರುತ್ತದೆ, ಆಗ ಮದ್ದಿಲ್ಲ ಎಂದು ಡಾಕ್ಟರು ನನಗೆ ಹೇಳಿದ್ದರು. ತಾಯಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಮತ್ತೆ ತೋರಿಸಲು ಬಂದ ದಿನ ದಾರ ಹುಡುಗಿಯ ಕೊರಳಲ್ಲಿ ಸಡಿಲವಾಗಿ ಜೋತಾಡುತ್ತಿತ್ತು.

“ಒಂದು ಗಂಟು ಬಿಚ್ಬುಡ್ಲಾ ನರ್ಸಮ್ಮ?” ತಾಯಿ ನಗುತ್ತಾ ಕೇಳಿದಳು.

“ಬಿಚ್ಚಿ” ಎಂದೆ.

ಹುಡುಗಿ ಕತ್ತು ಬಾಗಿಸಿ ಕೂತಳು. ತಾಯಿ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, ಮಿಕ್ಕ ತುಂಡನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು.

ದೀಪಾವಳಿಗೆ ಮೊದಲೇ ಹುಡುಗಿ ತೀರಿಹೋದಳು. ಸುದ್ದಿ ತಿಳಿಸಲು ಬಂದ ತಾಯಿ ಸೆರಗಿನ ತುದಿ ಹಿಡಿದುಕೊಂಡೇ ಕೇಳಿದಳು, “ಅವತ್ತು ಬಿಚ್ಬುಟ್ಟಿದ್ದೇ ತೆಪ್ಪಾಯ್ತಾ ನರ್ಸಮ್ಮ?” ಅಲ್ಲ ಎಂದೆ. ಆಕೆ ನಂಬಲಿಲ್ಲ. ಬಿಚ್ಚಿ ಎಂದಿದ್ದವಳೂ ನಾನೇ ಅಲ್ಲವೇ?