ಅಪ್ಪ ಬರೆಸಿದ ಕಾಗದ

ಅಪ್ಪ ಬರೆಸಿದ ಕಾಗದದಲ್ಲಿ ಒಂದು ಸಾಲನ್ನು ನಾನು ಬೇಕೆಂದೇ ಬಿಟ್ಟು ಓದಿದೆ. ಅದರಿಂದ ಕ್ಯಾಪ್ಟನ್ ಯಾನ್ ಅವರ ಕೆಲಸ ಹೋಯಿತು; ಎರಡು ತಿಂಗಳಾದ ಮೇಲೆ ಆ ಕೆಲಸ ನನಗೆ ಬಂತು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ — ನಾಲ್ಕು ಕಾರಣ ಹೇಳಬಲ್ಲೆ, ನಾಲ್ಕನ್ನೂ ನಾನೇ ನಂಬುವುದಿಲ್ಲ.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ಎರಡು ಮೂರು ವರ್ಷವಾಗಿದ್ದ ಕಾಲ. ನಾನು ಶಹಾಬಾದಿನವನು, ಸರ್ಕಾರ ಕೊಟ್ಟ ವಜೀಫೆಯ ಹಣದಲ್ಲಿ ವಿಮಾನ ಹಾರಿಸಲು ಕಲಿತವನು. ಹೈದರಾಬಾದಿನ ಒಂದು ವಿಮಾನ ಕಂಪನಿಯಲ್ಲಿ ಸಹಪೈಲಟ್. ಕ್ಯಾಪ್ಟನ್ನರಲ್ಲಿ ಹೆಚ್ಚಿನವರು ಯುದ್ಧ ಮುಗಿದ ಮೇಲೆ ಬಂದು ಸೇರಿದ್ದ ಹೊರದೇಶದವರು. ವಿಮಾನಗಳು ಬೆರಳೆಣಿಕೆಯಷ್ಟು, ಲೈಸೆನ್ಸ್ ಹಿಡಿದು ಕಾಯುವ ನಮ್ಮ ಹುಡುಗರು ಹತ್ತಾರು; ಒಬ್ಬನಂತೂ ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ಹರಿಯುತ್ತಿದ್ದ. ಹೊರಗಿನವರನ್ನು ಕಳಿಸಿ, ಮುಲ್ಕಿಗಳಿಗೆ — ಅಂದರೆ ಇದೇ ನೆಲದವರಿಗೆ — ಕೆಲಸ ಕೊಡಿ ಎಂಬ ಅರ್ಜಿಗೆ ನಾನೂ ರುಜು ಹಾಕಿದ್ದೆ. ಮರುದಿನ ಬೆಳಿಗ್ಗೆ ಯಾನ್ ಪಕ್ಕದಲ್ಲೇ ಕೂತು ಹಾರಿದೆ. ಅವರು ಪೋಲೆಂಡಿನವರು, ಅಲ್ಲಿ ಕಮ್ಯುನಿಸ್ಟರ ಆಡಳಿತ ಬಂದು ಹಿಂದಿರುಗುವ ದಾರಿ ಮುಚ್ಚಿತ್ತು. ನನಗೆ ಬರುವುದೆಲ್ಲ ಅವರು ಕಲಿಸಿದ್ದು. ಅವರು ಹೋಗಬೇಕು ಎಂದೂ ಅನಿಸುತ್ತಿತ್ತು, ಅವರಿಲ್ಲದೆ ಹಾರುವುದೇ ಬೇಡ ಎಂದೂ — ಎರಡೂ ನಿಜವೇ.

ಅಪ್ಪನಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಸಣ್ಣ ಗಣಿ. ಊರಿಗೆ ಹೋದಾಗಲೆಲ್ಲ ಕಾಡುತ್ತಿದ್ದ.

"ಖರೇನೇ ನೀ ಹಾರಸ್ತಿ ಏನಲೇ? ಇಲ್ಲಾ ಕುಂತ ಮಂದಿಗೆ ಚಾ ಕೊಡ್ತಿ?"

ಒಂದು ದಿನ ಬರೀ ಟಪಾಲು ಚೀಲ ಹೊತ್ತು ಮುಂಬಯಿಗೆ ಹೊರಟಿದ್ದೆವು, ಪ್ರಯಾಣಿಕರಿರಲಿಲ್ಲ. ರೈಲು ಹಳಿಯನ್ನೇ ಗುರುತು ಮಾಡಿಕೊಂಡು ಸೇಡಂ, ಚಿತ್ತಾಪುರ, ವಾಡಿ ದಾಟುತ್ತಿದ್ದಂತೆ ಯಾನ್ ಅವರನ್ನು ಬೇಡಿಕೊಂಡೆ — ಒಂದೇ ಒಂದು ಸಲ ನಮ್ಮ ಗಣಿಯ ಮೇಲೆ ಕೆಳಗಿಳಿಸಿ ಹಾರಿಸಿ ಅಂತ. ಕಾಯಿದೆಗೆ ವಿರುದ್ಧ ಎಂದು ಇಬ್ಬರಿಗೂ ಗೊತ್ತು. ಅವರು ನಕ್ಕರು, ಇಳಿಸಿದರು. ಅಪ್ಪ ಕಲ್ಲಿನ ರಾಶಿ ಮೇಲೆ ನಿಂತು ರುಮಾಲು ಬಿಚ್ಚಿ ಬೀಸಿದ. ನನಗೆ ಅಳು ಬಂತು.

ಉಪಕಾರ ಮಾಡಿದವನ ಬಗ್ಗೆ ಅವನ ಮೇಲಿನವರ ಕಿವಿಗೆ ಒಂದು ಒಳ್ಳೆಯ ಮಾತು ಹಾಕುವುದು ನಮ್ಮ ಕಡೆಯ ರಿವಾಜು. ಮುಂದಿನ ರಜೆಯಲ್ಲಿ ನಾನು ನಡೆದದ್ದನ್ನು ಹೇಳಿ ಬಂದದ್ದೇ ತಡ, ಅಪ್ಪ ಚಿತ್ತಾಪುರಕ್ಕೆ ಹೋಗಿ, ಕಚೇರಿ ಮುಂದೆ ಕೂರುವ ಅರ್ಜಿ ಬರೆಯುವವನಿಂದ ಕಂಪನಿಗೆ ಉರ್ದುವಿನಲ್ಲಿ ಒಂದು ಕಾಗದ ಬರೆಸಿ ಹಾಕಿದ. ನನಗೆ ಹೇಳಲೂ ಇಲ್ಲ.

ಹೊಸ ಮ್ಯಾನೇಜರು ಮುಂಬಯಿಯವರು. ಉರ್ದು ಓದಲು ಬಾರದು. ನನ್ನನ್ನು ಕರೆದು ಕಾಗದ ಕೈಗಿಟ್ಟರು. ಯಾನ್ ಸಾಹೇಬರು ವಿಮಾನವನ್ನು ನಮ್ಮ ತಲೆಯ ಮೇಲೇ ತಂದರು, ಎಂದಿತ್ತು. ನನ್ನ ಮಗ ಬೇಡಿಕೊಂಡದ್ದಕ್ಕೆ ಇಷ್ಟು ಮಾಡಿದರು, ಎಂದಿತ್ತು. ಇಂಥ ದೊಡ್ಡ ಮನಸ್ಸಿನವರಿಗೆ ತರಕ್ಕಿ ಕೊಡಬೇಕು, ಬಡ್ತಿ ಕೊಡಬೇಕು. ಮೊದಲ ಸಾಲು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ಮ್ಯಾನೇಜರ ಮುಖ ಬಿಗಿಯಿತು. ಅದನ್ನು ಕಂಡೆ. ಎರಡನೆಯದನ್ನು ಬಿಟ್ಟು ಮೂರನೆಯದಕ್ಕೆ ಹೋದೆ. ಕೊನೆಯಲ್ಲಿದ್ದ ಅಪ್ಪನ ಹೆಸರನ್ನು ಯಾರದೋ ಹೆಸರೆಂಬಂತೆ ಓದಿದೆ.

ಯಾನ್ ಅವರನ್ನು ಕರೆಸಿದರು. ಮ್ಯಾನೇಜರು ಅವರ ಎದುರಿಗೇ ನನ್ನನ್ನು ಕೇಳಿದರು — ನೀವೂ ಪಕ್ಕದಲ್ಲಿದ್ದಿರಲ್ಲ, ಯಾಕೆ ಅಷ್ಟು ಕೆಳಗಿಳಿಸಿದರು?

"ಗೊತ್ತಿಲ್ಲ ಸರ್."

ಯಾನ್ ನನ್ನ ಕಡೆ ನೋಡಲಿಲ್ಲ. "ವಿಮಾನ ನನ್ನ ಕೈಯಲ್ಲಿತ್ತು" ಎಂದರು, ಅಷ್ಟೇ. ನನ್ನನ್ನು ಉಳಿಸಲು ಹಾಗಂದರೋ, ಕ್ಯಾಪ್ಟನ್ ಆದವನು ಹಾಗೇ ಅನ್ನಬೇಕೆಂದೋ, ಇಂಥವನ ಹೆಸರೆತ್ತುವುದೂ ಬೇಡ ಎಂದೋ... ನಿಜ ಹೇಳಿದ್ದರೆ ಅವರ ಕೆಲಸ ಉಳಿಯುತ್ತಿತ್ತೇ? ಇಬ್ಬರದೂ ಹೋಗುತ್ತಿತ್ತೇನೋ. ಆದರೆ ಈ ಯೋಚನೆಗಳೆಲ್ಲ ಆಮೇಲಿನವು. ಆ ಹೊತ್ತಿಗೆ ನನ್ನ ಕಣ್ಣ ಮುಂದಿದ್ದದ್ದು ಅವರ ಸೀಟೇ, ಅಥವಾ ಬರೀ ಭಯವೇ — ಎಷ್ಟು ಕೆದಕಿದರೂ ತಿಳಿಯದು. ಹೋಗುವ ದಿನ ಯಾನ್ ಎಲ್ಲರ ಕೈ ಕುಲುಕಿದರು, ನನ್ನದನ್ನೂ.

ಕ್ಯಾಪ್ಟನ್ ಆಗಿ ಊರಿಗೆ ಹೋದಾಗ ಅಪ್ಪ ಮೊದಲು ವಿಚಾರಿಸಿದ್ದು ಅವರನ್ನೇ.

"ನನ್ನ ಕಾಗದ ಮುಟ್ಟಿತೇನು? ಸಾಹೇಬರಿಗೆ ತರಕ್ಕಿ ಸಿಕ್ತೇನು?"

"ಹೂಂ ಅಪ್ಪಾ, ಸಿಕ್ತು. ಭಾಳ ಮ್ಯಾಲ ಹೋದ್ರು."

"ನೋಡಿದಿ? ಒಂದು ಛಲೋ ಮಾತು ಎಂದೂ ದಂಡ ಆಗಂಗಿಲ್ಲ."

ಅಂದು ಗಣಿಯ ಆಳುಗಳಿಗೆಲ್ಲ ಸಾಹೇಬರ ಹೆಸರಿನಲ್ಲಿ ಪೇಢೆ ಹಂಚಿದ. ನನಗೂ ಕೊಟ್ಟ, ತಿಂದೆ. ಸಾಯುವ ತನಕ ಅಪ್ಪ ಅದನ್ನು ನಂಬಿಯೇ ಇದ್ದ. ಯಾನ್ ಎಲ್ಲಿಗೆ ಹೋದರು, ಏನಾದರು ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಹೇಳುವವರಿದ್ದರು.